ಬಣ್ಣ ಹಿಡಿಯದ ಪುಡಿ

ಬೆಳಿಗ್ಗೆ ಆರೂವರೆಗೆ ಮೈಮುನಬಿ ಆ ಹಸಿರು ಪುಡಿಯನ್ನು ಮೊದಲ ಸಲ ಬಾಯಿಗೆ ಹಾಕಿಕೊಂಡಳು. ಪುಡಿ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಅದನ್ನು ದುಬೈಯಿಂದ ಕಳಿಸಿದ ಮುನಾವರ, ಅವಳ ತೀರಿಹೋದ ಅಕ್ಕ ರಾಜಮಾಳ ಮಗ, ಮಧ್ಯಾಹ್ನದ ಬಸ್ಸಿಗೆ ಊರಿಗೆ ಬರುವವನಿದ್ದ. ಅವನು ತಿಳಿದಂತೆ, ಅವಳು ನಾಲ್ಕು ತಿಂಗಳಿನಿಂದ ದಿನಾ ಬೆಳಿಗ್ಗೆ ಇದನ್ನೇ ಕುಡಿಯುತ್ತಿದ್ದಳು.

ಬೆರಳ ತುದಿಗೆ ಹತ್ತಿದಷ್ಟು ಪುಡಿಯನ್ನು ನಾಲಿಗೆಯ ಮೇಲಿಟ್ಟುಕೊಂಡು ಒಲೆಯ ಮುಂದೆ ಕಣ್ಣು ಮುಚ್ಚಿ ನಿಂತಳು. ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ಹಸಿ ಮೇವಿನ ವಾಸನೆ ಮೂಗಿನ ಒಳಗಿನಿಂದ ಬಂತು. ಅದರ ಹಿಂದೆಯೇ ಒಂದು ಕಹಿ, ಹಾಗಲಕಾಯಿಯ ಕಹಿಯಂತೆ ಎದುರಿಗೆ ಬಂದು ಹೊಡೆಯದೆ, ಸದ್ದಿಲ್ಲದೆ ಒಳಗೆ ಬಂದು ಅಂಗುಳಕ್ಕೆ ಅಂಟಿ ಕೂತಿತು. ಇದನ್ನು ನಾಲ್ಕು ತಿಂಗಳು ಕುಡಿದವಳ ಮುಖ ಹೇಗಿರಬೇಕು? ಮೊಳೆಗೆ ತೂಗುಹಾಕಿದ್ದ ಸಣ್ಣ ಕನ್ನಡಿಯ ಮುಂದೆ ಹೋಗಿ ಇನ್ನೊಂದು ಚಿಟಿಕೆ ಹಾಕಿಕೊಂಡಳು. ಹುಬ್ಬು ಗಂಟಾಯಿತು, ತುಟಿ ಒಂದು ಬದಿಗೆ ಸೊಟ್ಟಗಾಯಿತು. ಇದು ನಡೆಯುವುದಿಲ್ಲ. ತಾಯಿ ಹೋದ ಮೇಲೆ ಈ ಮನೆಯಲ್ಲೇ ಬೆಳೆದ ಮುನಾವರ ಚಿಕ್ಕಂದಿನಿಂದಲೂ ಅವಳ ಮುಖ ನೋಡಿಯೇ ರೊಟ್ಟಿ ಎಲ್ಲರಿಗೂ ಸಾಲುತ್ತದೆಯೋ ಇಲ್ಲವೋ ಎಂದು ತಿಳಿದುಕೊಂಡವನು. ತಾನು ಒಂದೇ ರೊಟ್ಟಿ ತಿಂದು ಹೊಟ್ಟೆ ತುಂಬಿತೆಂದು ಎದ್ದುಬಿಡುತ್ತಿದ್ದವನು.

ಡಬ್ಬಿ ಬಂದದ್ದು ರಮಜಾನ್ ಹಬ್ಬ ವಾರವಿದ್ದಾಗ. ದುಬೈಯಿಂದ ರಜೆಗೆ ಬಂದಿದ್ದ ಅಸೂಟಿ ಊರಿನವನೊಬ್ಬ ಬಸ್‌ಸ್ಟ್ಯಾಂಡಿನಲ್ಲಿ ಅವಳ ಗಂಡ ಫಕೀರಸಾಬನ ಕೈಗೆ ಅದನ್ನು ಕೊಟ್ಟು, ಮುನಾವರ ಕಳಿಸ್ಯಾನ ಎಂದಷ್ಟೇ ಹೇಳಿ ಓಡಿಹೋಗಿ ತನ್ನ ಬಸ್ಸು ಹತ್ತಿದ್ದ. ಮುಷ್ಟಿಯಷ್ಟು ದೊಡ್ಡ ತಗಡಿನ ಡಬ್ಬಿ, ಮೈತುಂಬ ಯಾರೂ ಓದಲಾರದ ಅಕ್ಷರ, ತಳದಲ್ಲಿ 2008 ಎಂಬ ಅಂಕಿಯೊಂದೇ ಗುರುತು ಸಿಗುವಂಥದ್ದು. ಮುಚ್ಚಳ ತೆಗೆದರೆ ನಯವಾದ ಹಸಿರು ಪುಡಿ. ಹಬ್ಬದ ಮುಂದೆ ಅರಬರ ನಾಡಿನಿಂದ ಹಸಿರು ಪುಡಿ ಬಂದರೆ ಅದು ಮೆಹಂದಿ; ಇದರಲ್ಲಿ ಕೇಳುವುದೇನಿತ್ತು? ಗಲ್ಫಿಗೆ ಹೋದವರ ಮನೆಗಳಿಗೆಲ್ಲ ಹಾಗೆಯೇ ಬರುತ್ತಿತ್ತು. ಅವಳು ಕಬ್ಬಿಣದ ಬಾಣಲೆಯಲ್ಲಿ ಚಹಾದ ಕಷಾಯ ಕುದಿಸಿ, ನಿಂಬೆಹಣ್ಣು ಹಿಂಡಿ, ಅರ್ಧ ಡಬ್ಬಿ ಪುಡಿ ಕಲಸಿ, ರಾತ್ರಿಯಿಡೀ ನೆನೆಸಿಟ್ಟು, ಬೆಳಿಗ್ಗೆ ತಲೆತುಂಬ ಮೆತ್ತಿಕೊಂಡು ಹಿತ್ತಲ ಬಿಸಿಲಿಗೆ ಕೂತಿದ್ದಳು. ಗೋಡೆಯಾಚೆ ಮಗ್ಗ ನೇಯುತ್ತಿದ್ದ ಕಳಕವ್ವ ಮಗ್ಗ ನಿಲ್ಲಿಸಿ ಇಣುಕಿ, "ಏನಬೇ ಮೈಮುನಕ್ಕ, ತಲಿ ಸಾರಿಸಿಯಲ್ಲ, ಇನ್ನ ರಂಗೋಲಿ ಯಾವಾಗ ಹಾಕ್ತಿ?" ಎಂದು ಕೇಳಿದ್ದಳು. ಸಂಜೆ ತೊಳೆದರೆ ಕೂದಲು ಮೊದಲು ಹೇಗೆ ಬೆಳ್ಳಗಿತ್ತೋ ಹಾಗೆಯೇ ಇತ್ತು, ಹುಲ್ಲಿನ ವಾಸನೆ ಮಾತ್ರ ಮೂರು ದಿನ ಹೋಗಲಿಲ್ಲ. ಹಬ್ಬದ ದಿನ ಕೆಂಪು ತಲೆಗಳ ನಡುವೆ ಬಿಳಿ ತಲೆಯ ಮೇಲೆ ಸೆರಗು ಬಿಗಿಯಾಗಿ ಎಳೆದುಕೊಂಡು ಕೂತು ಅವಳೇ ಹೇಳಿದ್ದಳು: ನಮ್ಮ ಮುನಾವರಗ ಯಾರೋ ಟೋಪಿ ಹಾಕ್ಯಾರವ್ವಾ, ಬಣ್ಣಾನ ಹಿಡಿಯೂದಿಲ್ಲ ಅದು. ಹೆಂಗಸರು ನಕ್ಕರು. ಅವಳೂ ನಕ್ಕಳು. ಆ ನಗೆಯ ಸದ್ದು ಈಗ ಕನ್ನಡಿಯ ಮುಂದೆ ಇನ್ನೊಮ್ಮೆ ಕೇಳಿಸಿ ಕಿವಿ ಬಿಸಿಯಾಯಿತು. ಹೋಟೆಲಿನ ಒಲೆಯ ಮುಂದೆ ಬೆವರಿಳಿಸಿ ದುಡಿಯುವ ಹುಡುಗ ಅದನ್ನು ಕೊಳ್ಳುವಾಗ ಯಾರ ಮುಖ ನೆನೆಸಿಕೊಂಡಿದ್ದನೋ.

ಅದು ಚಹಾ ಎಂದು ತಿಳಿದದ್ದು ಹಬ್ಬ ಕಳೆದು ಹತ್ತು ದಿನಕ್ಕೆ ಅವನ ಫೋನು ಬಂದಾಗ. ಚಿಕ್ಕಮ್ಮನನ್ನು ಅವನು ಖಾಲಾ ಎಂದೇ ಕರೆಯುತ್ತಿದ್ದ. "ಖಾಲಾ, ಚಾ ಕುಡೀಲಿಕತ್ತಿಯಿಲ್ಲ? ಜಪಾನದ್ದು ಅದು, ಮಾಚಾ ಅಂತಾರ. ನಮ್ಮ ಹೋಟೆಲಿನ್ಯಾಗ ಒಬ್ಬ ಜಪಾನಿ ಅಡಿಗಿಯವ ಅದಾನ, ಅವ ಹೇಳ್ತಾನ, ಇದು ಸಕ್ರಿ ಇಳಸ್ತೈತಿ, ಎದಿಗಿ ಚಲೋ, ರಕ್ತ ತಿಳಿ ಆಗ್ತೈತಿ. ದಿನಾ ಕುಡಿ, ಹಾಂ?" ಅವಳು ಏನು ಹೇಳಬೇಕಿತ್ತು? ತಲೆಗೆ ಹಚ್ಚಿಕೊಂಡೆನೆಂದೇ? ನಾಲಿಗೆ ತಾನಾಗಿಯೇ "ಹೂಂನೋ ಮಗನ, ಕುಡೀಲಿಕತ್ತೀನಿ, ಭಾಳ ಚಲೋ ಆಗೇತಿ" ಎಂದುಬಿಟ್ಟಿತು. ಆಚೆ ಕಡೆ ಅವನು ಉಸಿರು ಬಿಟ್ಟದ್ದು ಇಲ್ಲಿಗೆ ಕೇಳಿಸಿತು. ಆ ಒಂದು ಉಸಿರಿಗಾಗಿ ಅವಳು ಮುಂದಿನ ಫೋನುಗಳಲ್ಲಿ ಸುಳ್ಳಿಗೆ ಒಂದೊಂದೇ ಅಂಚು ಕಟ್ಟುತ್ತ ಹೋದಳು. ತನ್ನ ಸಕ್ಕರೆ ಕಾಯಿಲೆಗೆಂದು ರೋಣದ ದವಾಖಾನೆಯಲ್ಲಿ ರಕ್ತ ತಪಾಸಣೆ ಮಾಡಿಸಿದಾಗ ಸಕ್ಕರೆ ಇಳಿದದ್ದಂತೂ ನಿಜವೇ. ಇಳಿಸಿದ್ದು ಡಾಕ್ಟರು ಬರೆದುಕೊಟ್ಟ ಬಿಳಿ ಗುಳಿಗೆ. ಎರಡೂ ಹೊತ್ತು ಊಟದ ಮೇಲೆ ಅದನ್ನು ನುಂಗಿ, ಗುಳಿಗೆಯ ಹಾಳೆಯನ್ನು ಎಲೆಅಡಿಕೆಯ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಆದರೆ ಫೋನಿನಲ್ಲಿ ಹೇಳಿದ್ದು ಬೇರೆ. "ನಿನ್ನ ಚಾದಿಂದನ ಇಳೀತು ನೋಡು." ಗುಳಿಗೆಯ ಹೆಸರನ್ನೇ ಎತ್ತಲಿಲ್ಲ. ಎತ್ತಿದ್ದರೆ ಅವನ ಪಾಲು ಅಷ್ಟು ಕಡಿಮೆಯಾಗುತ್ತಿತ್ತು.

"ಕನ್ನಡಿ ಮುಂದ ಏನ್ ನಡಸೀ, ಹೊಸಾ ಮದಲಗಿತ್ತಿ ಆದಾಂಗ?" ಹಿತ್ತಲಿನಿಂದ ಬಂದ ಫಕೀರಸಾಬ ಕೇಳಿದ. ನೂಲಿಗೆ ಬಣ್ಣ ಹಾಕುವವನು. ಅವನ ಕೈ ಮೊಣಕೈವರೆಗೆ ಯಾವ ದಿನ ಯಾವ ಬಣ್ಣದ್ದೆಂದು ಹೇಳಲಾಗುತ್ತಿರಲಿಲ್ಲ. ಇವತ್ತು ಅರಿಶಿನ.

"ಇದನ್ನ ಕುಡಿಯಾಕ ಕಲೀಬೇಕ್ರೀ. ಮಧ್ಯಾಹ್ನದೊಳಗ."

"ಖರೇ ಹೇಳಿಬಿಡು ಅತ್ಲಾಗ. ತಲಿಗಿ ಹಚ್ಚಿಕೊಂಡಿದ್ನಿ ಅನ್ನು. ಹುಡುಗ ನಕ್ಕು ಸುಮ್ಮನಾಗ್ತಾನ."

"ಅವ ನಗೂದಿಲ್ಲ. ನಕ್ಕಾಂಗ ಮಾಡ್ತಾನ."

ಫಕೀರಸಾಬ ಡಬ್ಬಿಯನ್ನು ಎತ್ತಿ ಒಳಗೆ ಇಣುಕಿದ. ಅವನದೂ ಅದರಲ್ಲಿ ಪಾಲಿತ್ತು. ತಲೆಗೆ ಹತ್ತದ ಪುಡಿ ನೂಲಿಗಾದರೂ ಹತ್ತೀತೆಂದು ಉಳಿದದ್ದರಲ್ಲಿ ಒಂದಿಷ್ಟನ್ನು ಕುದಿಸಿ, ಉಪ್ಪು ಹಾಕಿ, ಬಿಳಿ ಹತ್ತಿ ನೂಲಿನ ಒಂದು ಸಣ್ಣ ಲಡಿಯನ್ನು ಅದರಲ್ಲಿ ಅದ್ದಿ ನೋಡಿದ್ದ. ಹಂಡೆಯಲ್ಲಿ ಹಸಿರಿದ್ದದ್ದು ಕುದಿ ಬಂದೊಡನೆ ಕಂದಿತು. ಮೇಲೆತ್ತಿದ ಲಡಿ ಒಣಹುಲ್ಲಿನ ಬಣ್ಣಕ್ಕೆ ಬಂದು, ಎರಡು ಸಲ ಜಾಲಿಸಿದರೆ ಅದೂ ಹೋಗಿ, ಹಳೆಯ ಧೋತರದ ಬಣ್ಣಕ್ಕೆ ನಿಂತಿತು. "ಇಷ್ಟು ಅಂಜುಬುರಕ ಬಣ್ಣ ನಾ ಕಂಡಿಲ್ಲ" ಎಂದು ಅದನ್ನು ಹಿತ್ತಲಿಗೆ ಎಸೆದಿದ್ದ. ಮೈಮುನಬಿ ಆ ನೂಲಿನಿಂದ ಹಾಗಲಬಳ್ಳಿಯನ್ನು ಕೋಲಿಗೆ ಕಟ್ಟಿದ್ದಳು.

ಅವಳು ಪುಡಿಯನ್ನು ತನಗೆ ಗೊತ್ತಿದ್ದ ರೀತಿಯಲ್ಲೇ ಚಹಾ ಮಾಡಿದಳು. ಹಾಲು, ನೀರು, ಜಜ್ಜಿದ ಶುಂಠಿ, ಎಲ್ಲ ಸೇರಿಸಿ ಉಕ್ಕುವವರೆಗೆ ಕುದಿಸಿದಳು. ಪಾತ್ರೆಯಲ್ಲಿ ಎಮ್ಮೆ ಎದ್ದುಹೋದ ಹೊಂಡದಂಥ ಒಂದು ಬಣ್ಣ ತಿರುಗತೊಡಗಿತು, ಅಲ್ಲಲ್ಲಿ ಗಂಟು. ಫಕೀರಸಾಬ ಬಗ್ಗಿ ನೋಡಿ ನಾಲಿಗೆ ಲೊಚಗುಟ್ಟಿ, ಅವಳ ಕೈಯಿಂದ ಚಮಚ ತೆಗೆದುಕೊಂಡ. "ಕುದಿಯೂದಕ್ಕ ಹಾಕಿದ್ರ ಇದರ ಬಣ್ಣ ಸಾಯ್ತೈತಿ, ಅವತ್ತ ನೋಡೀನಲ್ಲ. ಪುಡೀನ ಮೊದಲ ಎರಡ ಹನಿ ನೀರಾಗ ಮೆತ್ತಗ ಕಲಸಬೇಕು. ಆಮ್ಯಾಲ ಬಿಸಿನೀರ. ಬಿಸೀನ, ಕುದಿಯೂದಲ್ಲ." ಬಣ್ಣ ಕಲಸುವ ಹಾಗೆಯೇ ಅವನು ಬಟ್ಟಲಲ್ಲಿ ಕಲಸಿದ, ತಲೆ ಒಂದು ಕಡೆ ವಾಲಿಸಿ, ಒಂದೂ ಗಂಟು ಉಳಿಯದಂತೆ. ಬಟ್ಟಲಲ್ಲಿ ಎಳೆಯ ಕಡಲೆ ಹೊಲದ ಹಸಿರು ಮೂಡಿತು. ಇಬ್ಬರೂ ಒಂದು ಕ್ಷಣ ಅದನ್ನು ಸುಮ್ಮನೆ ನೋಡಿದರು. ಇಂಥ ಹಸಿರು ನೂಲಿನ ಮೇಲೆ ನಿಂತಿದ್ದರೆ ಈ ಊರ ಮಗ್ಗದ ಪಟ್ಟೇದಂಚಿನ ಸೀರೆಗೆ ಎಷ್ಟು ಒಪ್ಪುತ್ತಿತ್ತು ಎಂದು ಇಬ್ಬರಿಗೂ ಅನಿಸಿತು.

"ತಡಿ, ಮೊದಲ ನಾ ಕುಡೀತೀನಿ" ಎಂದ ಫಕೀರಸಾಬ. "ನನಗೇನರ ಆತಂದ್ರ ನೀ ಕುಡೀಬ್ಯಾಡ."

"ನಿಮಗೇನಾಗ್ತೈತ್ರೀ, ಹುಟ್ಟಿದಾಗಿಂದ ಬಣ್ಣದ ಹೊಗಿ ಕುಡದವರಿಗೆ."

ಅವನು ಬಶಿಗೆ ಬಗ್ಗಿಸಿ ಸೊರ್ರನೆ ಎಳೆದ. ಬಹಳ ಹೊತ್ತು ಯೋಚಿಸಿದ. "ಕೆರಿ ನೀರಿಗಿ ಸ್ವಲ್ಪ ಮರ್ಯಾದಿ ಕೊಟ್ಟಾಂಗೈತಿ" ಎಂದ. ಆಮೇಲೆ ಉಳಿದದ್ದನ್ನು ಅವಳ ಕಡೆ ಸರಿಸಿದ. ಅವಳು ಕುಡಿದಳು, ಅವನು ಅವಳ ಮುಖ ಕಾದ. "ಹುಬ್ಬು" ಎಂದ. ಅವಳು ಹುಬ್ಬು ಸಡಿಲಿಸಿದಳು. "ತುಟಿ." ತುಟಿ ಸರಿಮಾಡಿದಳು. ಮೂರನೇ ಗುಟುಕಿಗೆ "ಹಾಂ, ಈಗ ದಿನಾ ಕುಡಿಯಾಕಿ ಕಂಡಾಂಗ ಕಾಣ್ತಿ" ಎಂದ. ಮದುವೆಯಾದ ಹೊಸದರಲ್ಲಿ ಅತ್ತೆಯ ಮುಂದೆ ಹೇಗೆ ನಡೆಯಬೇಕೆಂದು ಇದೇ ದನಿಯಲ್ಲಿ ಕದ್ದು ಹೇಳಿಕೊಟ್ಟಿದ್ದ.

ಹತ್ತು ಗಂಟೆಗೆ ಕಳಕವ್ವ ಅರಿಶಿನ ಬಣ್ಣದ ನೂಲು ಒಯ್ಯಲು ಬಂದಳು. ಹೊಸ್ತಿಲಲ್ಲೇ ನಿಂತು, "ಅಯ್ಯ, ಮೈಮುನಕ್ಕ, ನಿನ್ನ ನಾಲಗಿ ಯಾಕ ಗಿಣಿ ಆಗೇತಿ?" ಎಂದಳು. ಹೇಳದೆ ಬೇರೆ ದಾರಿಯಿರಲಿಲ್ಲ; ಅವಳ ಬಾಯಿಯನ್ನೂ ಮುಚ್ಚಿಸಬೇಕಿತ್ತು. ಕಳಕವ್ವ ಬಟ್ಟಲ ತಳದಲ್ಲಿದ್ದ ಒಂದು ಗುಟುಕು ಕುಡಿದು ನೋಡಿ, "ಇದಕ್ಕ ದುಬೈಗೆ ಹೋಗಬೇಕೇನವ್ವಾ? ನಮ್ಮ ಎಮ್ಮಿ ದಿನಾ ಇದನ್ನ ಮೇಯ್ತೈತಿ, ಅದಕ್ಕೂ ಸಕ್ರಿ ಬ್ಯಾನಿ ಇಲ್ಲ" ಎಂದಳು. ತಲೆಗೆ ಹಚ್ಚಿದ್ದನ್ನು ಮಾತ್ರ ಯಾರ ಮುಂದೆಯೂ ಆಡುವುದಿಲ್ಲವೆಂದು ಮಗ್ಗದ ಮೇಲೆ ಆಣೆ ಮಾಡಿ ಹೋದಳು. ಅವಳು ಹೋದ ಮೇಲೆ ಮೈಮುನಬಿ ಡಬ್ಬಿಯನ್ನು ಎಲ್ಲರಿಗೂ ಕಾಣುವಂತೆ ಗೋಡೆಯ ಮಾಡದಲ್ಲಿ ಇಟ್ಟಳು. ಡಬ್ಬಿ ಖಾಲಿಯಾಗಿತ್ತು. ಖಾಲಿಯಾಗಿದ್ದೇ ಒಳ್ಳೆಯದಾಯಿತು, ಕುಡಿದೇ ಮುಗಿಸಿದ್ದೆಂದು ಅದು ಅವಳ ಪರವಾಗಿ ಹೇಳುತ್ತಿತ್ತು. ಶುಕ್ರವಾರ ನರಗುಂದದಿಂದ ಮುನಾವರನಿಗಾಗಿ ನೋಡಿದ ಹುಡುಗಿ ನಾಹೀದಳ ಮನೆಯವರು ಬರುವವರಿದ್ದರು. ಅವರು ಬಂದು ಹೋಗುವವರೆಗೆ ಮನೆಯಲ್ಲಿ ಎಲ್ಲರ ಮನಸ್ಸೂ ತಿಳಿಯಾಗಿರಬೇಕು. ಒಂದು ಬಟ್ಟಲು ಹಸಿರು ನೀರು ಕುಡಿದರೆ ತಿಳಿಯಾಗುವುದಾದರೆ ಕುಡಿದರಾಯಿತು.

ಹುಬ್ಬಳ್ಳಿಯ ಮೇಲಿಂದ ಬರುವ ಬಸ್ಸು ತಡವಾಗಿ ಬಂತು. ಮುನಾವರ ಓಣಿಯ ತುದಿಯಲ್ಲಿ ಪೆಟ್ಟಿಗೆ ಎಳೆಯುತ್ತ ಬರುವುದನ್ನು ಅವಳು ಕಟ್ಟೆಯ ಮೇಲಿನಿಂದ ಕಂಡಳು. ಒಂದು ಗಳಿಗೆ ಬೇರೆ ಯಾರೋ ಎಂದುಕೊಂಡಳು. ಅಂಗಿಯ ಕೊರಳಪಟ್ಟಿಯ ಒಳಗೆ ಕುತ್ತಿಗೆ ಸಡಿಲವಾಗಿ ನಿಂತಿತ್ತು. ಸೊಂಟಪಟ್ಟಿಗೆ ಚಾಕುವಿನಿಂದ ಕೊರೆದ ಹೊಸ ತೂತು. ಬಿಸಿಲಲ್ಲಿ ಬಂದಿದ್ದಾನೆ, ಎರಡು ರಾತ್ರಿ ನಿದ್ದೆಯಿಲ್ಲ, ಪರದೇಶದ ಊಟ, ಎಂದೆಲ್ಲ ಮನಸ್ಸಿಗೆ ಹೇಳಿಕೊಂಡಳು. ಅವನು ಸಲಾಂ ಹೇಳಿ ಅವಳನ್ನು ಅಪ್ಪಿಕೊಂಡಾಗ ಬೆನ್ನ ಮೂಳೆ ಕೈಗೆ ಸಿಕ್ಕಿತು. "ಖಾಲಾ, ಮೊದಲ ನೀರು" ಎಂದ. ಚೆಂಬು ಎತ್ತಿ ನಿಂತಲ್ಲೇ ಖಾಲಿ ಮಾಡಿದ. ಇನ್ನೊಂದು ಕೇಳಿದ. ಅದನ್ನೂ ಮುಗಿಸಿ, ಹಿತ್ತಲಿಗೆ ಹೋಗಿ ಬಂದು, ಕೂತು, ಮತ್ತೆ ಗಡಿಗೆಯ ಕಡೆ ನೋಡಿದ. ರಾಜಮಾಳೂ ಹೀಗೆಯೇ ಗಡಿಗೆಯ ಕಡೆ ನೋಡುತ್ತಿದ್ದಳು, ಬೆಳವಣಕಿಯ ತನ್ನ ಮನೆಯಲ್ಲಿ, ಯಾರೂ ತನ್ನನ್ನು ನೋಡುತ್ತಿಲ್ಲವೆಂದುಕೊಂಡು. ಮೈಮುನಬಿ ಆ ನೆನಪನ್ನು ಸೊಳ್ಳೆ ಅಟ್ಟಿದಂತೆ ಅಟ್ಟಿದಳು. ಬಿಸಿಲು. ದಾರಿಯ ಧೂಳು.

ಊಟವಾದ ಮೇಲೆ ಅವನು ಪೆಟ್ಟಿಗೆ ಬಿಚ್ಚಿದ. ಫಕೀರಸಾಬನಿಗೆ ವಾಚು, ಅವಳಿಗೆ ಶಾಲು, ಆಮೇಲೆ ಮೊದಲಿನದಕ್ಕಿಂತ ದೊಡ್ಡ ಎರಡು ಹಸಿರು ಡಬ್ಬಿ, ಮತ್ತು ಬಿದಿರನ್ನು ಎಳೆಎಳೆಯಾಗಿ ಸೀಳಿ ಮಾಡಿದ ಅಂಗೈಯಗಲದ ಒಂದು ಕಸಬರಿಗೆಯಂಥದ್ದು. "ಇದೇನೋ, ಗಡ್ಡಾ ಮಾಡ್ಕೊಳ್ಳೂ ಬ್ರಷ್ಷೇನು?" ಎಂದ ಫಕೀರಸಾಬ. "ಖಾಲೂ, ಚಾ ಕಡಿಯೂದು ಇದು" ಎಂದು ಮುನಾವರ ನಕ್ಕ. ನಕ್ಕಾಗ ಹಳೆಯ ಮುನಾವರ ಕಂಡ. ಅವನೇ ಒಲೆಯ ಮುಂದೆ ಕೂತು ನೀರು ಕಾಸಿದ. ಬಟ್ಟಲಿಗೆ ಪುಡಿ, ಎರಡು ಹನಿ ನೀರು, ಮೆತ್ತಗೆ ಕಲಸುವುದು, ಆಮೇಲೆ ಬಿಸಿನೀರು. ಫಕೀರಸಾಬ ಹೆಂಡತಿಯ ಕಡೆ ನೋಡಿ, ನಾ ಹೇಳಿದ್ನಿಲ್ಲೋ ಎಂಬಂತೆ ಮೀಸೆಯಲ್ಲಿ ನಕ್ಕ. ಮುನಾವರ ಕಡಿಯುತ್ತ ಹೇಳುತ್ತಿದ್ದ: ಎದೆಗೆ ಒಳ್ಳೆಯದು, ಕೊಬ್ಬು ಕರಗುತ್ತದೆ, ಮನಸ್ಸು ತಂಪಾಗಿರುತ್ತದೆ, ಸಕ್ಕರೆಯಂತೂ ಹೇಳುವುದೇ ಬೇಡ, ಜಪಾನಿನ ಮುದುಕರು ನೂರು ವರ್ಷ ಬದುಕುವುದೇ ಇದರಿಂದಂತೆ.

"ಮತ್ತ ಜಪಾನದಾಗ ದವಾಖಾನಿ ಇಲ್ಲೇನೋ?" ಎಂದ ಫಕೀರಸಾಬ.

"ಅದಾವ್ರಿ ಖಾಲೂ. ಆದ್ರ ಸಣ್ಣಾವು ಇರಬೇಕು."

ಬಟ್ಟಲು ಅವಳ ಕೈಗೆ ಬಂತು. ಅವಳು ಎರಡೂ ಕೈಯಲ್ಲಿ ಹಿಡಿದು ಕುಡಿದಳು. ಹುಬ್ಬು ಅಲುಗಲಿಲ್ಲ, ತುಟಿ ಇದ್ದಲ್ಲೇ ಇತ್ತು. "ಇದ ನೋಡು, ಇದ ರುಚಿ. ಬೆಳಿಗ್ಗೆದ್ದು ಇದು ಇಲ್ಲಾಂದ್ರ ನನಗ ದಿನಾನ ಹೊಂಡೂದಿಲ್ಲ" ಎಂದಳು. ಮುನಾವರ ಅವಳ ಮುಖವನ್ನೇ ನೋಡುತ್ತಿದ್ದವನು, ಪರೀಕ್ಷೆಯ ಫಲಿತಾಂಶ ಕೇಳಿದವನ ಹಾಗೆ ಗೋಡೆಗೆ ಒರಗಿದ. ಗೆದ್ದೆ ಎನಿಸಿತು ಅವಳಿಗೆ. ಅವನ ಪಾಲು ಅವನಿಗೆ ಸಂದಿತು. ಅವನು ಎದ್ದು ಹೋಗಿ ಮತ್ತೆ ನೀರು ಕುಡಿದು ಬಂದ.

ಫಕೀರಸಾಬ ಇಳಿಹೊತ್ತಿನ ಅಸರ್ ನಮಾಜಿಗೆ ಹೊರಟುಹೋದ. ಗೋಡೆಯಾಚೆ ಕಳಕವ್ವನ ಮಗ್ಗದ ಸದ್ದು ಒಂದೇ ಲಯದಲ್ಲಿ ಬರುತ್ತಿತ್ತು. ಮುನಾವರ ಚಾಪೆಯ ಮೇಲೆ ಕಾಲು ಚಾಚಿಕೊಂಡು, ಒಂದು ಪಾದವನ್ನು ಇನ್ನೊಂದರಿಂದ ಉಜ್ಜುತ್ತ, ಜಂತೆಯ ಕಡೆ ನೋಡುತ್ತ ಹೇಳಿದ: "ಖಾಲಾ, ನಿನಗೊಂದು ಹೇಳ್ತೀನಿ. ಖಾಲೂ ಮುಂದ ಬ್ಯಾಡ. ನರಗುಂದದವರ ಮುಂದಂತೂ ಬ್ಯಾಡಽ ಬ್ಯಾಡ. ವೀಸಾ ಹೊಸಾದು ಮಾಡೂ ಮುಂದ ರಕ್ತ ತಪಾಸ ಮಾಡಿದ್ರು. ನನಗೂ ಐತಿ."

"ಏನೈತಿ?"

"ಅವ್ವಗ ಇದ್ದದ್ದು."

ಅವಳು ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟಳು. ಅದರ ತಳದಲ್ಲಿ ಹಸಿರು ಒಂದು ಉಂಗುರದ ಹಾಗೆ ಒಣಗುತ್ತಿತ್ತು.

"ಅಂಜಬ್ಯಾಡ" ಎಂದ ಅವನು, ಅವಳನ್ನೇ ಸಮಾಧಾನ ಮಾಡುವ ದನಿಯಲ್ಲಿ. "ಗುಳಿಗಿ ಕೊಟ್ಟಿದ್ರು. ಎರಡ ತಿಂಗಳಾತು ಬಿಟ್ಟೀನಿ. ರೂಮಿನ್ಯಾಗ ಎಲ್ಲಾರ ಮುಂದ ಗುಳಿಗಿ ನುಂಗಾಕ ನಾಚಿಕಿ ಬರ್ತಿತ್ತು, ರೋಗದಾಂವ ಅಂತಾರ. ನೀ ಫೋನಿನ್ಯಾಗ ಹೇಳಿದ್ಯಲ್ಲ, ಬರೇ ಈ ಚಾದಿಂದ ಇಳೀತು ಅಂತ. ನಿನ್ನ ವಯಸ್ಸಿನಾಕಿಗೆ ಇಳದ ಮ್ಯಾಲ ನನಗ ಇಳೀದೇನು? ದಿನಾ ಮೂರು ಸಲ ಕುಡೀತೀನಿ."

ಮಗ್ಗದ ಸದ್ದು ನಡೆದೇ ಇತ್ತು. ಆ ಸದ್ದಿನೊಳಗೆ ವರ್ಷಗಳ ಹಿಂದಿನ ಬೆಳವಣಕಿಯ ಮನೆಯ ಬಾಗಿಲು ತೆರೆಯಿತು. ಅಲ್ಲಿ ಅಕ್ಕ ಹೊರಸಿನ ಮೇಲೆ ಕೂತಿದ್ದಳು, ಪಾದಕ್ಕೆ ಬಟ್ಟೆ ಸುತ್ತಿತ್ತು, ಮೂಲೆಯಲ್ಲಿ ಮುನಾವರ ಸ್ಲೇಟು ಹಿಡಿದು ಕೂತಿದ್ದ. ಬೇವಿನ ರಸ ಕುಡಿದರೆ ಸಕ್ಕರೆ ಹೋಗುತ್ತದೆಂದು ಯಾರೋ ಹೇಳಿದ್ದರು. ಯಾರೋ ಏನು, ಹೇಳಿದ್ದು ಮೈಮುನಬಿಯೇ. ಅದಕ್ಕಾಗಿಯೇ ಬಂದು ತಿಂಗಳುಗಟ್ಟಲೆ ಅಲ್ಲಿ ಉಳಿದು, ನಸುಕಿನಲ್ಲಿ ಎದ್ದು ತಾನೇ ಸೊಪ್ಪು ಅರೆದು, ಸೋಸಿ, ಲೋಟ ಹಿಡಿದು ಅಕ್ಕನ ಮುಂದೆ ನಿಲ್ಲುತ್ತಿದ್ದಳು. ಅಕ್ಕ ಮುಖ ಕಿವುಚದೆ ಕುಡಿಯುತ್ತಿದ್ದಳು. ಹ್ಯಾಂಗದೀ ಅಕ್ಕಾ ಎಂದರೆ ಪ್ರತಿ ದಿನ ಒಂದೇ ಮಾತು: ಭಾಳ ಚಲೋ ಆಗೇತಿ. ಆ ಮಾತು ಕೇಳಿ ಮೈಮುನಬಿ ಬಿಟ್ಟ ಉಸಿರು ಅಕ್ಕನಿಗೂ ಕೇಳಿಸಿರಬೇಕು. ಕೇಳಿಸಿದ್ದರಿಂದಲೇ ಮರುದಿನವೂ ಅದನ್ನೇ ಹೇಳಿರಬೇಕು. ಬಟ್ಟೆ ಬಿಚ್ಚಿ ಗದಗಿನ ದವಾಖಾನೆಯವರು ನೋಡುವ ಹೊತ್ತಿಗೆ ಪಾದ ಉಳಿಸುವ ಮಾತೇ ಇರಲಿಲ್ಲ; ಪಾದದ ನಂತರ ಅಕ್ಕನನ್ನೂ ಉಳಿಸಲಾಗಲಿಲ್ಲ. ಇಷ್ಟು ವರ್ಷ ಮೈಮುನಬಿ ಆ ರಸವನ್ನು ನೆನೆದು ತಪ್ಪು ತನ್ನದೆಂದುಕೊಂಡಿದ್ದಳು. ಲೋಟದ ಆಚೆ ಕಡೆ ಕೂತವಳು ಏಕೆ ಹಾಗೆ ಹೇಳಿದಳೆಂದು ಇವತ್ತು ತಿಳಿಯಿತು. ತಾನೂ ಹಾಗೆಯೇ ಹೇಳಿದ ಮೇಲೆ.

ಅವಳು ಎದ್ದಳು. "ಬಾ ಇಲ್ಲೆ" ಎಂದು ಅವನ ಮಣಿಕಟ್ಟು ಹಿಡಿದು ಎಬ್ಬಿಸಿದಳು. ಹಿತ್ತಲಿಗೆ ಎಳೆದುಕೊಂಡು ಹೋಗಿ ಹಾಗಲಬಳ್ಳಿಯ ಮುಂದೆ ನಿಲ್ಲಿಸಿದಳು. ಬಳ್ಳಿಯನ್ನು ಕೋಲಿಗೆ ಕಟ್ಟಿದ್ದ ಮಾಸಲು ನೂಲನ್ನು ಬೆರಳಲ್ಲಿ ಎತ್ತಿ ತೋರಿಸಿದಳು.

"ನಿನ್ನ ಚಾ ಇದು."

"ಅಂದ್ರ?"

"ನಿಮ್ಮ ಖಾಲೂ ನೂಲಿಗಿ ಹಾಕಿ ನೋಡಿದ್ರು. ಹತ್ತಲಿಲ್ಲ." ತಲೆಯ ಮೇಲಿನ ಸೆರಗು ಜಾರಿಸಿದಳು. "ಅದಕ್ಕಿಂತ ಮೊದಲ ನಾ ಇಲ್ಲಿ ಹಚ್ಚಿಕೊಂಡಿದ್ನಿ. ಮೆಹಂದಿ ಅಂತ ತಿಳಕೊಂಡು. ಹಬ್ಬದಾಗ ಎಲ್ಲಾರ ಮುಂದ ಹೇಳೀನಿ, ಮುನಾವರಗ ಟೋಪಿ ಹಾಕ್ಯಾರ ಅಂತ. ಇದರದು ಒಂದು ಗುಟುಕು ಇವತ್ತ ಮುಂಜಾನಿತನಕ ನನ್ನ ಬಾಯಿಗಿ ಬಿದ್ದಿಲ್ಲ."

ಅವನು ಬಳ್ಳಿಯನ್ನು ನೋಡಿದ, ಅವಳ ಬಿಳಿ ತಲೆಯನ್ನು ನೋಡಿದ. ನಕ್ಕ ಹಾಗೆ ಮಾಡಿದ. ಅದು ಅವಳಿಗೆ ಗೊತ್ತಿದ್ದ ನಗೆಯೇ: ಒಂದೇ ರೊಟ್ಟಿ ತಿಂದು ಏಳುವಾಗಿನದು. "ಮತ್ತ ಸಕ್ರಿ ಹ್ಯಾಂಗ ಇಳೀತು?" ಎಂದ, ನೆಲ ನೋಡುತ್ತ.

ಅವಳು ಒಳಗೆ ಹೋಗಿ ಎಲೆಅಡಿಕೆಯ ಡಬ್ಬಿ ತಂದಳು. ಸುಣ್ಣದ ಭರಣಿಯ ಕೆಳಗಿಂದ ಗುಳಿಗೆಯ ಹಾಳೆ ತೆಗೆದು ಅವನ ಅಂಗೈಯಲ್ಲಿಟ್ಟಳು. ಅರ್ಧದಷ್ಟು ಗುಳಿಗೆ ಮುಗಿದು ಖಾಲಿ ಗೂಡುಗಳು ಬಿಸಿಲಿಗೆ ಮಿಂಚುತ್ತಿದ್ದವು. "ಇದರಿಂದ ಇಳೀತು. ದಿನಾ ಎರಡ. ಅದರ ಕೂಡ ಈ ಹಾಗಲಕಾಯಿ ಪಲ್ಯ, ಸಂಜಿಮುಂದ ಗುಡ್ಡದ ಬುಡದತನಕ ನಡಿಯೂದು. ಚಾ ಅಲ್ಲ ಮಗನ. ನಾ ಸುಳ್ಳ ಹೇಳೀನಿ."

"ಯಾಕ?"

ನಿನ್ನ ಉಸಿರು ಕೇಳಬೇಕಾಗಿತ್ತು ಎಂದು ಹೇಳಲಾಗುತ್ತದೆಯೇ? "ನೀ ಅಷ್ಟು ದೂರದಿಂದ ಕಳಿಸಿದ್ದಿ" ಎಂದಳು. ಅದೇ ಸರಿಯಾದ ಉತ್ತರವೂ ಆಗಿತ್ತು.

ಅವನು ಅಂಗೈಯ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಅವನಿಗೆ ಸಿಟ್ಟು ಬರುತ್ತದೆ ಎಂದು ಅವಳು ಕಾದಳು; ಬರಲಿ ಎಂದುಕೊಂಡಳು. ಗುಡ್ಡದ ಮೇಲಿನ ಗಾಳಿಯಂತ್ರಗಳ ರೆಕ್ಕೆಗಳು ನಿಧಾನ ತಿರುಗುತ್ತಿದ್ದವು. ಅವನು ಹಿತ್ತಲ ಒಗೆಯುವ ಕಲ್ಲಿನ ಮೇಲೆ ಕೂತು, ಬಲಗಾಲಿನ ಚಪ್ಪಲಿ ಬಿಟ್ಟು, ಪಾದವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. "ಇಲ್ಲೆ ಜೋಮು ಹಿಡೀತೈತಿ ಖಾಲಾ. ಮುಟ್ಟಿದ್ರ ಗೊತ್ತಾಗೂದಿಲ್ಲ" ಎಂದ. ಅವಳು ನೆಲದ ಮೇಲೆ ಕೂತು ಆ ಪಾದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಹಿಮ್ಮಡಿ, ಬೆರಳ ಸಂದಿ, ಅಂಗಾಲು, ಎಲ್ಲವನ್ನೂ ಬೆರಳಿನಿಂದ ತಡವಿ ತಡವಿ ನೋಡಿದಳು. ಎಲ್ಲಿಯೂ ಗಾಯವಿರಲಿಲ್ಲ. ಇನ್ನೊಮ್ಮೆ ನೋಡಿದಳು. ಇರಲಿಲ್ಲ.

"ನರಗುಂದದವರಿಗೆ ಗೊತ್ತಾದ್ರ?" ಎಂದ ಅವನು.

"ನಾನ ಹೇಳ್ತೀನಿ."

"ಬ್ಯಾಡ ಅಂದ್ರ ಅವರು?"

"ಅನ್ನಲಿ. ನಿನ್ನ ಪಾದ ಇರ್ತೈತಲ್ಲ."

ಅವನಿಗೆ ಆಗ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಭುಜದಲ್ಲಿ, ಕೊನೆಗೆ ತಡೆಯಲಾಗದೆ. "ತಲಿಗಿ ಹಚ್ಚಿಕೊಂಡ್ಯಾ ಖಾಲಾ? ಎಲ್ಲಾನೂ?" "ಅರ್ಧ ಡಬ್ಬಿ." "ಆ ಜಪಾನಿಗ ಹೇಳಿದ್ರ ಕೆಲಸ ಬಿಟ್ಟು ಓಡಿಹೋಗ್ತಾನ." ಗೋಡೆಯ ಆಚೆ ಮಗ್ಗ ನಿಂತಿತು. "ಮೈಮುನಕ್ಕ, ನಾ ಹೇಳಿಲ್ಲ ನೋಡು! ನೀನ ಹೇಳಿದಿ!" ಎಂದು ಕಳಕವ್ವನ ದನಿ ಕೇಳಿತು. ಮೈಮುನಬಿಯ ಕೈಯಲ್ಲಿ ಅವನ ಪಾದ ಇನ್ನೂ ಇತ್ತು.

ಮರುದಿನ ಮೊದಲ ಬಸ್ಸಿಗೆ ಇಬ್ಬರೂ ಏನೂ ತಿನ್ನದೆ ರೋಣಕ್ಕೆ ಹೋದರು. ಮುನಾವರನ ಬರಿಹೊಟ್ಟೆಯ ಸಕ್ಕರೆ ಇನ್ನೂರ ಎಂಬತ್ತಾರು ಇತ್ತು. ಅವನು ಚೀಲದಿಂದ ಹಸಿರು ಡಬ್ಬಿ ತೆಗೆದು ಮೇಜಿನ ಮೇಲಿಟ್ಟಾಗ ಡಾಕ್ಟರು ಮುಚ್ಚಳ ತೆಗೆದು ಮೂಸಿ ನೋಡಿ ಹೇಳಿದರು: "ಕುಡೀರಿ, ಅಡ್ಡಿಯಿಲ್ಲ. ಸಕ್ರಿ ಹಾಕಿದ ಹಾಲಿನ ಚಾಕ್ಕಿಂತ ಚಲೋನ. ಇದರಿಂದ ಸಕ್ರಿ ಇಳೀತೈತಿ ಅಂತ ಇನ್ನೂ ಹುಡುಕಾಕತ್ತಾರ, ಪಕ್ಕಾ ಯಾರೂ ಹೇಳಿಲ್ಲ. ಗುಳಿಗಿ ಮಾತ್ರ ಬಿಡಬ್ಯಾಡ್ರಿ." ಎದುರಿನ ಖಾನಾವಳಿಯಲ್ಲಿ ರೊಟ್ಟಿ ತಿಂದಾದ ಮೇಲೆ ಅವನು ಸುತ್ತಮುತ್ತ ಕೂತವರನ್ನು ಒಮ್ಮೆ ನೋಡಿ ಗುಳಿಗೆ ನುಂಗಿದ, ಅವಳು ಎಲೆಅಡಿಕೆಯ ಡಬ್ಬಿ ತೆಗೆದು ತನ್ನದನ್ನೂ ನುಂಗಿದಳು.

ಶುಕ್ರವಾರ ಮಧ್ಯಾಹ್ನ ನರಗುಂದದವರು ಬಂದರು. ಮೈಮುನಬಿ ಅವರಿಗೆ ಹಾಲಿನ ಚಹಾ ಮಾಡಿದಳು, ಅವರೆಲ್ಲರ ಎದುರಿಗೇ ಮುನಾವರನ ಬಟ್ಟಲಿಗೆ ಸಕ್ಕರೆಯಿಲ್ಲದ ಹಸಿರು ಚಹಾ ಬಗ್ಗಿಸಿದಳು. ಅದೇನೆಂದು ಹುಡುಗಿಯ ತಾಯಿ ಕೇಳಿದಳು. ಮೈಮುನಬಿ ಚಹಾದಿಂದ ಶುರುಮಾಡಿ ಮುನಾವರನ ಗುಳಿಗೆಯವರೆಗೆ ಎಲ್ಲವನ್ನೂ ಹೇಳಿದಳು.